ಛಾಪಾ ಕಾಗದದ ಮೇಲಿನ ಬಿಡುಗಡೆ

(ತಾಲೂಕು ಮಟ್ಟದ ಮಹಿಳಾ ಕಾನೂನು ಅರಿವು ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಬಿರದ ಆಮಂತ್ರಣದಲ್ಲಿ ನನ್ನ ವಿಷಯವನ್ನು ‘ವಿವಾಹ ವಿಚ್ಛೇದನ ಮತ್ತು ಪ್ರತ್ಯೇಕವಾಸ: ಕಾನೂನಿನ ಪ್ರಕ್ರಿಯೆ’ ಎಂದು ಅಚ್ಚು ಮಾಡಿಸಿದ್ದಾರೆ. ಓದಿದರೆ ಹತ್ತು ಅಂಕದ ಪ್ರಶ್ನೆಯ ಹಾಗಿದೆ. ನಾನು ವಕೀಲೆಯಲ್ಲ. ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವಳು. ನಿವೃತ್ತಿಯ ನಂತರ ನಮ್ಮ ಸಂಘಟನೆಯ ಸಲಹಾ ಕೇಂದ್ರದಲ್ಲಿ ವಾರಕ್ಕೆರಡು ದಿನ ಕೂರುತ್ತೇನೆ. ಅಲ್ಲಿಗೆ ಬರುವ ಹೆಣ್ಣುಮಕ್ಕಳು ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲೆ ಹರಡುವ ಕಾಗದಗಳನ್ನು ಓದಿ ಓದಿಯೇ ನಾನು ಈ ಕಾನೂನನ್ನು ಕಲಿತದ್ದು. ಆದ್ದರಿಂದ ಇವತ್ತು ಕಲಮುಗಳನ್ನು ಸಾಲಾಗಿ ಹೇಳುತ್ತಾ ಹೋಗುವುದಿಲ್ಲ. ಆ ಕಾಗದಗಳ ಬಗ್ಗೆಯೇ ಮಾತಾಡುತ್ತೇನೆ.

ನಾನು ಅತಿ ಹೆಚ್ಚು ನೋಡಿರುವುದು ನ್ಯಾಯಾಲಯದ ಕಾಗದವನ್ನಲ್ಲ, ಛಾಪಾ ಕಾಗದವನ್ನು. ‘ನಂದು ಡೈವರ್ಸ್ ಆಗೇತ್ರಿ ಅಕ್ಕಾರ’ ಎಂದು ಹೇಳಿ ಅದನ್ನು ಮುಂದಿಡುತ್ತಾರೆ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಒಕ್ಕಣೆ. ‘ನಾವಿಬ್ಬರೂ ಗುರುಹಿರಿಯರ ಸಮಕ್ಷಮ, ಯಾರ ಒತ್ತಾಯವೂ ಇಲ್ಲದೆ, ಸ್ವಖುಷಿಯಿಂದ ಬೇರೆಯಾಗಿರುತ್ತೇವೆ. ಕೊಟ್ಟು ತೆಗೆದುಕೊಂಡದ್ದು ಏನೂ ಬಾಕಿ ಇರುವುದಿಲ್ಲ. ಮುಂದೆ ಒಬ್ಬರ ಮೇಲೊಬ್ಬರು ಯಾವುದೇ ತಂಟೆ ತಕರಾರು ಮಾಡತಕ್ಕದ್ದಲ್ಲ.’ ಕೆಳಗೆ ಇಬ್ಬರ ಸಹಿ, ನಾಲ್ಕು ಜನ ಪಂಚರ ಸಹಿ, ನೋಟರಿಯ ದುಂಡು ಮುದ್ರೆ. ಆ ಕೆಂಪು ಮುದ್ರೆಯನ್ನು ನೋಡಿ ಸರ್ಕಾರವೇ ತನ್ನನ್ನು ಬಿಡುಗಡೆ ಮಾಡಿದೆ ಎಂದು ಅವಳು ನಂಬಿರುತ್ತಾಳೆ. ಹಿಂದೆ ನಮ್ಮ ಕಡೆ ಇದಕ್ಕೆ ಸೋಡಚೀಟಿ ಎನ್ನುತ್ತಿದ್ದರು. ಈಗ ಚೀಟಿಗೆ ಮುದ್ರೆ ಬಂದಿದೆ, ಅಷ್ಟೇ.

ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅದರ ಅಡಿಯಲ್ಲಿ ಮದುವೆಯನ್ನು ಮುಗಿಸುವ ಅಧಿಕಾರ ಇರುವುದು ನ್ಯಾಯಾಲಯಕ್ಕೆ. ನೋಟರಿ ಮಾಡುವ ಕೆಲಸ, ಸಹಿ ಹಾಕಿದವರು ಇವರೇ ಎಂದು ಗುರುತಿಸುವುದು. ಅವರ ಮುದ್ರೆಯಿಂದ ಮದುವೆ ಮುರಿಯುವುದಿಲ್ಲ. ಆದರೆ ಇದೇ ಕಾಯ್ದೆಯ 29ನೇ ಕಲಮು, ರೂಢಿಯಿಂದ ಬಂದ ವಿಚ್ಛೇದನದ ಹಕ್ಕಿಗೆ ಧಕ್ಕೆಯಿಲ್ಲ ಎಂದು ಹೇಳುತ್ತದೆ. ಪಂಚರು ಹಿಡಿದುಕೊಳ್ಳುವುದು ಇದನ್ನೇ. ‘ನಮ್ಮ ಜಾತಿಯಲ್ಲಿ ಇದೆ’ ಎಂದು ಬಾಯಲ್ಲಿ ಹೇಳಿದರೆ ಸಾಲದು. ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, ಗಂಡ ಬೆದರಿಸಿ ವಿಚ್ಛೇದನ ಪತ್ರ ಬರೆಸಿಕೊಂಡನೆಂದು ಹೆಂಡತಿ ದಾವೆ ಹೂಡಿದ್ದಳು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದರಲ್ಲಿ ಸ್ಪಷ್ಟವಾಗಿ ಹೇಳಿತು: ಅಂಥ ರೂಢಿ ಇದೆ ಎನ್ನುವವರು ಅದನ್ನು ದಾವೆಯಲ್ಲಿ ನಿರ್ದಿಷ್ಟವಾಗಿ ಹೇಳಿ ಸಾಕ್ಷ್ಯದಿಂದ ಸಾಬೀತು ಮಾಡಬೇಕು. ಅಂದರೆ ಕಾಗದ ಬರೆಸಿಕೊಂಡ ಮೇಲೂ ನ್ಯಾಯಾಲಯದ ಮೆಟ್ಟಿಲು ತಪ್ಪುವುದಿಲ್ಲ.

ಹಾಗಾದರೆ ಆ ಕಾಗದ ಕೆಲಸಕ್ಕೆ ಬಾರದ್ದು, ಹರಿದು ಬಿಸಾಕಿದರಾಯಿತು ಎನ್ನುತ್ತೀರಾ? ಅಲ್ಲೇ ಇರುವುದು ಅಪಾಯ. ಅವಳಿಗೆ ಬಿಡುಗಡೆ ಕೊಡಲಾರದ ಕಾಗದ ಅವಳ ಅನ್ನಕ್ಕೆ ಕಲ್ಲು ಹಾಕಬಲ್ಲುದು. ಜೀವನಾಂಶದ ಕಲಮಿನಲ್ಲಿ ಒಂದು ಉಪಕಲಮು ಇದೆ: ಗಂಡಹೆಂಡಿರು ‘ಪರಸ್ಪರ ಒಪ್ಪಿಗೆಯಿಂದ’ ಬೇರೆ ಬಾಳುತ್ತಿದ್ದರೆ ಹೆಂಡತಿಗೆ ಜೀವನಾಂಶ ಸಿಗುವುದಿಲ್ಲ. ಈಗ ಮತ್ತೆ ಆ ಒಕ್ಕಣೆಯನ್ನು ನೆನಪು ಮಾಡಿಕೊಳ್ಳಿ, ‘ಸ್ವಖುಷಿಯಿಂದ ಬೇರೆಯಾಗಿರುತ್ತೇವೆ’. ಹೊಡೆತ ತಾಳಲಾರದೆ ಕೂಸನ್ನು ಕಟ್ಟಿಕೊಂಡು ತವರಿಗೆ ಬಂದವಳ ಕೈಯಲ್ಲಿ ಸ್ವಖುಷಿ ಎಂದು ಬರೆಸಿಕೊಳ್ಳುತ್ತಾರೆ. ಆಮೇಲೆ ಅವಳು ಜೀವನಾಂಶ ಕೇಳಿದ ದಿನ ಅವನ ವಕೀಲರು ಅದನ್ನೇ ಹಾಜರುಪಡಿಸುತ್ತಾರೆ. ಒಂದು ವ್ಯತ್ಯಾಸ ತಿಳಿದಿರಲಿ. ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದವಳಿಗೆ ಈ ಅಡ್ಡಿ ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲೇ ಹೇಳಿದೆ. ವಿಚಿತ್ರವಾದರೂ ನಿಜ: ನ್ಯಾಯಾಲಯದ ಒಪ್ಪಿಗೆಗಿಂತ ಕಟ್ಟೆಯ ಮೇಲಿನ ಒಪ್ಪಿಗೆ ಅವಳಿಗೆ ಹೆಚ್ಚು ದುಬಾರಿ.

ಇನ್ನು, ಬಿಡುಗಡೆಯಾಯಿತೆಂದು ನಂಬಿ ಅವಳು ಇನ್ನೊಂದು ಮದುವೆಯಾದರೆ? ಕಾನೂನಿನ ಕಣ್ಣಿನಲ್ಲಿ ಮೊದಲ ಮದುವೆ ಬದುಕಿಯೇ ಇದೆ, ಎರಡನೆಯದು ಅಸಿಂಧು. ಅದು ಕೆಟ್ಟ ದಿನ, ಆ ಎರಡನೆಯವನೂ ಅದನ್ನೇ ಹೇಳುತ್ತಾನೆ: ನೀನು ನನ್ನ ಹೆಂಡತಿಯೇ ಅಲ್ಲ. ತೆಲಂಗಾಣದ ಒಬ್ಬ ಮಹಿಳೆಗೆ ಹೀಗೇ ಆಯಿತು. ಮೊದಲ ಗಂಡನೊಡನೆ ಇದ್ದದ್ದು ಬರೀ ಒಪ್ಪಂದ ಪತ್ರ. ಎರಡನೆಯವನಿಂದ ಅವಳಿಗೆ ಜೀವನಾಂಶ ಸಲ್ಲದೆಂದು ಉಚ್ಚ ನ್ಯಾಯಾಲಯ ಹೇಳಿತು. ಸರ್ವೋಚ್ಚ ನ್ಯಾಯಾಲಯ 2025ರ ಜನವರಿಯಲ್ಲಿ ಅದನ್ನು ತಳ್ಳಿಹಾಕಿ, ಎಲ್ಲ ತಿಳಿದೇ ಮದುವೆಯಾದವನು ಈಗ ನುಣುಚಿಕೊಳ್ಳುವಂತಿಲ್ಲ ಎಂದು ಅವಳಿಗೆ ಜೀವನಾಂಶ ಕೊಡಿಸಿತು. ಸಂತೋಷದ ತೀರ್ಪು. ಆದರೆ ನಮ್ಮೂರ ಹೆಣ್ಣುಮಗಳು ಅನ್ನಕ್ಕಾಗಿ ದಿಲ್ಲಿಯವರೆಗೆ ಹೋಗಬೇಕೇ?

ಯಾಕೆ ಸಹಿ ಹಾಕುತ್ತಾರೆ ಎಂದು ನಾನು ಕೇಳುತ್ತಲೇ ಇರುತ್ತೇನೆ. ಅನಕ್ಷರಸ್ಥೆಯರಷ್ಟೇ ಹಾಕುತ್ತಾರೆಂದು ತಿಳಿಯಬೇಡಿ. ಬಿ.ಎಡ್. ಮಾಡಿದ ಶಿಕ್ಷಕಿಯೊಬ್ಬಳು ಓದದೆಯೇ ಹಾಕಿದ್ದಳು. ತಮ್ಮನ ಮದುವೆ ಗೊತ್ತಾಗಿತ್ತು, ಮನೆಯಲ್ಲಿ ಗಂಡ ಬಿಟ್ಟ ಅಕ್ಕ ಇದ್ದರೆ ಬೀಗರು ಏನಂದಾರು ಎಂಬ ಚಿಂತೆ ಎಲ್ಲರಿಗೂ. ‘ಸುಮ್ನ ಸಹಿ ಮಾಡವಾ, ಎಲ್ಲಾ ಮುಗಿತೈತಿ’ ಎಂದವನು ಅವಳ ಸ್ವಂತ ಸೋದರಮಾವ. ಪಂಚಾಯಿತಿಯ ಕಟ್ಟೆಯ ಮೇಲೆ ಕೂರುವ ಗಂಡಸರು ಎರಡೂ ಮನೆಗಳ ಮರ್ಯಾದೆಯನ್ನು ತೂಗಿ ನೋಡುತ್ತಾರೆ. ಆ ತಕ್ಕಡಿಯಲ್ಲಿ ಅವಳನ್ನು ಇಡುವುದೇ ಇಲ್ಲ. ಅವಳು ನಡುಮನೆಯಲ್ಲಿ ಬಾಗಿಲ ಹಿಂದೆ ಕೂತಿರುತ್ತಾಳೆ. ಕಾಗದ ಒಳಗೆ ಬರುತ್ತದೆ, ಪೆನ್ನು ಹಿಂದೆಯೇ ಬರುತ್ತದೆ.

‘ಕೊಟ್ಟು ತೆಗೆದುಕೊಂಡದ್ದು ಏನೂ ಬಾಕಿ ಇರುವುದಿಲ್ಲ’ ಎಂಬ ಸಾಲಿನ ಹತ್ತಿರ ಸ್ವಲ್ಪ ನಿಲ್ಲೋಣ. ಈ ಒಂದು ಸಾಲಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಮಾಯವಾಗುತ್ತವೆ. ಒಂದು, ವರದಕ್ಷಿಣೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮಿನ ಪ್ರಕಾರ ಯಾರೇ ತೆಗೆದುಕೊಂಡಿದ್ದರೂ ಅದನ್ನು ಮೂರು ತಿಂಗಳೊಳಗೆ ಆ ಹೆಣ್ಣಿಗೇ ಒಪ್ಪಿಸಬೇಕು. ಅಷ್ಟರವರೆಗೆ ಅದು ಅವರ ಕೈಯಲ್ಲಿ ಅವಳ ಠೇವಣಿ ಇದ್ದಂತೆ. ಎರಡು, ಸ್ತ್ರೀಧನ. ತವರಿನವರು ಹಾಕಿದ ಬಂಗಾರ, ಬಂಧುಗಳು ಮುಯ್ಯಿ ಮಾಡಿದ್ದು, ಅವಳಿಗೆಂದೇ ಬಂದ ಪಾತ್ರೆಪಡಗ ಅವಳ ಸ್ವಂತದ್ದು. ಗಂಡನ ಮನೆ ಸೇರಿದ ಮಾತ್ರಕ್ಕೆ ಅದು ಇಬ್ಬರ ಜಂಟಿ ಆಸ್ತಿಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಹೇಳಿತು. ಹಿಂದಿರುಗಿಸದಿದ್ದರೆ ಅದು ನಂಬಿಕೆದ್ರೋಹದ ಅಪರಾಧ. ಮೂರು, ಮಗುವಿನ ಪಾಲನೆಯ ಹಣ. ಇದು ಮಗುವಿನ ಹಕ್ಕು. ತಾಯಿ ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟರೂ ಬಿಟ್ಟುಕೊಡಲು ಅದು ಅವಳದ್ದಲ್ಲ.

ಈಗ ಇನ್ನೊಂದು ತಪ್ಪು ತಿಳಿವಳಿಕೆಯ ಮಾತು. ‘ನನಗೆ ಡೈವರ್ಸ್ ಬ್ಯಾಡ್ರಿ, ಅದಕ್ಕ ಕೋರ್ಟಿಗೆ ಹೋಗಿಲ್ಲ’ ಎನ್ನುವವರು ಬಹಳ. ಕೋರ್ಟು ಎಂದರೆ ವಿಚ್ಛೇದನ ಎಂದು ಯಾರು ಹೇಳಿದರು? ಮದುವೆ ಹಾಗೇ ಇದ್ದು, ತಾಳಿ ಕೊರಳಲ್ಲೇ ಇದ್ದು ಕೇಳಬಹುದಾದದ್ದು ಬೇಕಾದಷ್ಟಿದೆ. ಜೀವನಾಂಶ ಕೇಳಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ನಿಮ್ಮಲ್ಲಿ ಅನೇಕರಿಗೆ ಬಾಯಿಪಾಠ. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದು ಅದು 144ನೇ ಕಲಮಾಗಿದೆ. ‘125 ರದ್ದಾಗಿದೆ, ಇನ್ನು ನಿನಗೇನೂ ಇಲ್ಲ’ ಎಂದು ಹೆಂಡತಿಯನ್ನು ಹೆದರಿಸಿದ ಭೂಪನೊಬ್ಬನನ್ನು ನಾನು ಕಂಡಿದ್ದೇನೆ. ಅಂಕಿ ಬದಲಾಗಿದೆ, ಹಕ್ಕು ಹಾಗೇ ಇದೆ. 498ಎ ಕೂಡ ಹಾಗೆಯೇ; ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86.

ಜೀವನಾಂಶದ ಅರ್ಜಿಯನ್ನು ಅವಳು ಇರುವ ಊರಿನಲ್ಲೇ ಹಾಕಬಹುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ನೋಟೀಸು ಮುಟ್ಟಿದ 60 ದಿನಗಳೊಳಗೆ ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಎಂದು ಕಾನೂನಿದೆ. ‘ಆದಷ್ಟು ಮಟ್ಟಿಗೆ’ ಎಂಬ ಪದದೊಳಗೆ ಎಷ್ಟು ವಾಯಿದೆಗಳು ಹಿಡಿಸುತ್ತವೆ ಎಂಬುದು ನಿಮಗೆ ಗೊತ್ತು. ಆದರೂ 2020ರ ನವೆಂಬರಿನ ರಜನೀಶ್–ನೇಹಾ ತೀರ್ಪು ಎರಡು ಒಳ್ಳೆಯ ಕೆಲಸ ಮಾಡಿದೆ. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. ‘ನನಗೆ ಕೂಲಿನಾಲಿ ಅಷ್ಟೇ’ ಎಂದು ಬಾಯಲ್ಲಿ ಹೇಳಿ ಪಾರಾಗುವಂತಿಲ್ಲ. ಇನ್ನೊಂದು, ಜೀವನಾಂಶ ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನದಿಂದ. ವರ್ಷಗಟ್ಟಲೆ ಎಳೆದರೆ ಅವನ ಬಾಕಿಯೇ ಬೆಳೆಯುತ್ತದೆ. ಆದೇಶವಾದ ಮೇಲೂ ಕೊಡದಿದ್ದರೆ, ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಈ ಒಂದು ವರ್ಷದ ಗಡುವನ್ನು ದಯವಿಟ್ಟು ಬರೆದುಕೊಳ್ಳಿ. ‘ಕೊಡ್ತಾನ ತಗೋ’ ಎಂದು ಕಾದು ಕಳೆದುಕೊಂಡವರಿದ್ದಾರೆ.

ಮನೆಯಿಂದ ಹೊರಗೆ ಹಾಕಿದ್ದರೆ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಇದೆ. 2005ರದ್ದು, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಇದರಲ್ಲಿ ಅವಳು ಕೇಳುವುದು ಗಂಡನಿಗೆ ಜೈಲನ್ನಲ್ಲ, ತಾನು ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು, ಹೊಡೆಯಬೇಡ ಎಂಬ ಆದೇಶವನ್ನು, ಖರ್ಚಿಗೆ ಹಣವನ್ನು. ಆ ಆದೇಶವನ್ನು ಮೀರಿದರೆ ಆಗ ಜೈಲು. ‘ಮನೆ ನನ್ನ ಹೆಸರಿನಲ್ಲಿದೆ, ಮಗನ ಹೆಸರಿನಲ್ಲಿಲ್ಲ’ ಎಂದು ಅತ್ತೆಮಾವ ಹೇಳಿದ ಮಾತ್ರಕ್ಕೆ ಅವಳ ಹಕ್ಕು ಹೋಗುವುದಿಲ್ಲವೆಂದು 2020ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಎಂದರೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿಯ ಮೀಟಿಂಗಿನಲ್ಲಿ ನೀವು ನೋಡಿರುವ ಅವರೇ. ಅವರ ಹತ್ತಿರ ಹೋಗಿ ಅರ್ಜಿ ಬರೆಸಬಹುದು.

ವಿಚ್ಛೇದನವಿಲ್ಲದೆ ನ್ಯಾಯಾಲಯದ ಅಪ್ಪಣೆಯಿಂದಲೇ ಬೇರೆ ಬಾಳುವುದಕ್ಕೆ ನ್ಯಾಯಿಕ ಪ್ರತ್ಯೇಕತೆ ಎನ್ನುತ್ತಾರೆ. ಇದೂ ಹಿಂದೂ ವಿವಾಹ ಕಾಯ್ದೆಯಲ್ಲೇ ಇದೆ, 10ನೇ ಕಲಮು. ಆದರೆ ಡಿಕ್ರಿಯಾಗಿ ಒಂದು ವರ್ಷ ಇಬ್ಬರೂ ಕೂಡಿ ಬಾಳದಿದ್ದರೆ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು, ಅವನೂ. ಅದು ಗೊತ್ತಿದ್ದು ಹೋಗಿ.

ಎರಡನೆಯ ಕಾಗದ ಅಂಚೆಯವನು ತರುವುದು. ಎಷ್ಟೋ ಸಲ ಹೆಣ್ಣು ಸುಮ್ಮನಿದ್ದರೂ ಗಂಡನೇ ಮೊದಲು ಹೆಜ್ಜೆಯಿಡುತ್ತಾನೆ. ‘ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ’ ಎಂಬ ದಾವೆ ಹೂಡುತ್ತಾನೆ. ಅಂದರೆ ಹೆಂಡತಿ ಬಂದು ಸಂಸಾರ ಮಾಡಲಿ ಎಂದು ನ್ಯಾಯಾಲಯವನ್ನು ಕೇಳುತ್ತಾನೆ. ಓದಿದವರಿಗೆ ಅಯ್ಯೋ ಎಷ್ಟು ಪ್ರೀತಿ ಎನ್ನಿಸಬೇಕು. ಆ ಡಿಕ್ರಿ ಸಿಕ್ಕು ಒಂದು ವರ್ಷದಲ್ಲಿ ಅವಳು ಹೋಗದಿದ್ದರೆ ಅದೇ ವಿಚ್ಛೇದನಕ್ಕೆ ಕಾರಣವಾಗುತ್ತದೆ ಎಂಬುದು ಆ ಪ್ರೀತಿಯ ಒಳಗುಟ್ಟು. ‘ಕರೆದರೂ ಬರಲಿಲ್ಲ, ಜೀವನಾಂಶ ಕೊಡಲಾರೆ’ ಎಂಬ ವಾದವನ್ನೂ ಜೊತೆಗೆ ಹೂಡುತ್ತಿದ್ದರು. ಇದಕ್ಕೆ 2025ರ ಜನವರಿಯಲ್ಲಿ ಉತ್ತರ ಸಿಕ್ಕಿದೆ: ಹೋಗದಿರಲು ಸಾಕಷ್ಟು ಕಾರಣವಿದ್ದರೆ, ಅಂಥ ಡಿಕ್ರಿ ಇದ್ದರೂ ಹೆಂಡತಿಗೆ ಜೀವನಾಂಶ ಉಂಟು.

ನೋಟೀಸನ್ನು ತೆಗೆದುಕೊಳ್ಳದೆ ಹಿಂದಕ್ಕೆ ಕಳಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಲವಾಗಿದೆ. ‘ನಾವು ತಗೊಂಡಿಲ್ಲ, ಹಂಗಾಗಿ ಕೇಸು ನಡೆಯೂದಿಲ್ಲ’ ಎಂದು ತಂದೆ ಹೆಮ್ಮೆಯಿಂದ ಹೇಳುತ್ತಾನೆ. ಕೇಸು ಚೆನ್ನಾಗಿಯೇ ನಡೆಯುತ್ತದೆ, ನಿಮ್ಮ ಮಗಳಿಲ್ಲದೆ. ನಿರಾಕರಿಸಿದ ನೋಟೀಸನ್ನು ಮುಟ್ಟಿದಂತೆಯೇ ಪರಿಗಣಿಸಿ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಅದನ್ನು ರದ್ದು ಮಾಡಿಸಲು ಅರ್ಜಿಗೆ ಇರುವ ಅವಧಿ 30 ದಿನ. ಕಾಗದ ಬಂದರೆ ತೆಗೆದುಕೊಳ್ಳಿ, ಲಕೋಟೆಯ ಮೇಲಿನ ತಾರೀಖನ್ನೂ ಇಟ್ಟುಕೊಳ್ಳಿ, ಹೇಳಿದ ದಿನ ಹಾಜರಾಗಿ. ದಾವೆ ಅವನದೇ ಆದರೂ 24ನೇ ಕಲಮಿನಲ್ಲಿ ದಾವೆಯ ಖರ್ಚನ್ನೂ ತಿಂಗಳ ಖರ್ಚನ್ನೂ ಅವನಿಂದ ಕೇಳುವ ಹಕ್ಕು ನಿಮಗಿದೆ.

ವಿಚ್ಛೇದನವೇ ಬೇಕೆಂದು ತೀರ್ಮಾನಿಸಿದವಳಿಗೆ ಒಂದೆರಡು ಮಾತು. ಮದುವೆಯಾಗಿ ಒಂದು ವರ್ಷವಾಗುವ ಮುನ್ನ, ಅಸಾಧಾರಣ ಕಷ್ಟವಿದ್ದ ಹೊರತು, ಅರ್ಜಿ ಹಾಕುವಂತಿಲ್ಲ. ಕ್ರೌರ್ಯ, ತೊರೆದುಹೋಗುವಿಕೆ, ಪರಸಂಬಂಧ ಮುಂತಾದ ಕಾರಣಗಳಿವೆ. ಸಾಬೀತು ಮಾಡುವ ಭಾರ ಅರ್ಜಿದಾರಳದು. 2003ರ ತಿದ್ದುಪಡಿಯಿಂದ ಹೆಂಡತಿ ತಾನು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಾಗಿಲ್ಲ. ಕುಟುಂಬ ನ್ಯಾಯಾಲಯದಲ್ಲಿ ಮೊದಲು ಆಪ್ತಸಲಹೆ, ಸಂಧಾನ ನಡೆಯುತ್ತದೆ. ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂಬ ಮಾತು ಅಲ್ಲೂ ಕೇಳಿಸಬಹುದು. ಹೆದರಬೇಡಿ. ಸಂಧಾನದಲ್ಲಿ ಒಪ್ಪಲೇಬೇಕೆಂಬ ಕಾನೂನಿಲ್ಲ. ಒಪ್ಪಿಗೆಯಾಗದಿದ್ದರೆ ಸಾಕ್ಷಿ, ಪಾಟೀಸವಾಲು, ವಾದ, ತೀರ್ಪು. ಪಾಟೀಸವಾಲಿನಲ್ಲಿ ಅಸಹ್ಯ ಪ್ರಶ್ನೆಗಳು ಬರುತ್ತವೆ ಎಂಬ ಭಯವಿದ್ದರೆ, ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆಂಬುದು ತಿಳಿದಿರಲಿ.

ವರ್ಷಗಟ್ಟಲೆ ಅಲೆಯಲಾರದೆ ಬಹಳ ಜನ ಆರಿಸಿಕೊಳ್ಳುವುದು ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು. 1976ರ ತಿದ್ದುಪಡಿಯಲ್ಲಿ ಬಂದದ್ದು, 13ಬಿ ಕಲಮು. ನಾನು ಇದರ ವಿರೋಧಿಯಲ್ಲ, ಮರ್ಯಾದೆಯಿಂದ ಹೊರಬರುವ ದಾರಿ ಇದು. ಆದರೆ ಇಲ್ಲೂ ಒಂದು ಕಾಗದವಿದೆ, ಮತ್ತು ಸಾಮಾನ್ಯವಾಗಿ ಅದನ್ನು ಬರೆಸುವವರು ಅವನ ಕಡೆಯವರು. ಒಂದು ವರ್ಷ ಬೇರೆ ಬಾಳಿರಬೇಕು, ಇಬ್ಬರೂ ಕೂಡಿ ಅರ್ಜಿ ಹಾಕಬೇಕು. ಆಮೇಲೆ ಆರು ತಿಂಗಳು ಕಳೆದು, 18 ತಿಂಗಳು ಮುಗಿಯುವುದರೊಳಗೆ ಇಬ್ಬರೂ ಮತ್ತೆ ಬಂದು ‘ಹೌದು, ಬೇಕು’ ಎನ್ನಬೇಕು. ಈ ಎರಡನೆಯ ‘ಹೌದು’ ಬರುವವರೆಗೆ ಏನೂ ಮುಗಿದಿಲ್ಲ. ಹಿಮಾಚಲದ ಸುರೇಷ್ಟಾ ದೇವಿ ಮೊಕದ್ದಮೆಯಲ್ಲಿ ಹೆಂಡತಿ 1985ರ ಜನವರಿಯಲ್ಲಿ ಅರ್ಜಿಗೆ ಸಹಿ ಹಾಕಿದ ಕೆಲವೇ ದಿನಗಳಲ್ಲಿ ಮತ್ತೆ ನ್ಯಾಯಾಲಯಕ್ಕೆ ಬಂದಳು: ನನ್ನನ್ನು ಬೆದರಿಸಿ ಹೇಳಿಕೆ ಕೊಡಿಸಿದರು, ನನ್ನ ಕಡೆಯವರನ್ನು ಕೇಳಲೂ ಬಿಡಲಿಲ್ಲ ಎಂದಳು. ಉಚ್ಚ ನ್ಯಾಯಾಲಯ ಕೇಳಲಿಲ್ಲ, ವಿಚ್ಛೇದನ ಕೊಟ್ಟಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿ, ಡಿಕ್ರಿಯಾಗುವವರೆಗೆ ಒಪ್ಪಿಗೆ ಉಳಿದಿರಬೇಕು, ಒಬ್ಬರೇ ಅದನ್ನು ಹಿಂತೆಗೆದುಕೊಳ್ಳಬಹುದು ಎಂದಿತು. ಆ ಆರು ತಿಂಗಳು ಇರುವುದು ಯೋಚನೆಗೆ. 2017ರ ಅಮರ್‌ದೀಪ್ ಸಿಂಗ್ ತೀರ್ಪಿನ ನಂತರ, ಒಂದೂವರೆ ವರ್ಷ ಬೇರೆಯಿದ್ದು ಜೀವನಾಂಶ, ಮಗು ಎಲ್ಲವೂ ಇತ್ಯರ್ಥವಾಗಿದ್ದರೆ ನ್ಯಾಯಾಲಯ ಆ ಕಾಯುವಿಕೆಯನ್ನು ಬಿಟ್ಟುಕೊಡಬಹುದು. ನಿಮಗೆ ಅವಸರವಿದ್ದರೆ ಸರಿ. ಅವಸರ ಅವನದ್ದಾಗಿದ್ದರೆ, ಯಾಕೆಂದು ಕೇಳಿ.

ಆ ಅರ್ಜಿಯಲ್ಲಿ ಹಣದ ಮಾತು ಇರುವ ಪುಟವನ್ನು ಎರಡು ಸಲ ಓದಿ. ಇಷ್ಟು ಹಣ, ಇಂಥ ದಿನ, ಇಂಥ ಬ್ಯಾಂಕಿನ ಖಾತೆಗೆ ಎಂದು ಇರಬೇಕು. ‘ಡಿಕ್ರಿಯಾದ ಮೇಲೆ ಕೊಡುತ್ತೇನೆ’ ಎಂಬುದನ್ನು ನಂಬಬೇಡಿ. ಎರಡನೆಯ ಹೇಳಿಕೆಗೆ ಮೊದಲು ಡಿಮ್ಯಾಂಡ್ ಡ್ರಾಫ್ಟು ನಿಮ್ಮ ಕೈಯಲ್ಲಿರಲಿ. ಬಂಗಾರವನ್ನು ಪಟ್ಟಿ ಮಾಡಿ ತೂಕದೊಡನೆ ಬರೆಸಿ. ‘498ಎ ದೂರು ವಾಪಸು ತೆಗೆದುಕೊಳ್ಳುತ್ತೇನೆ’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಮ್ಮಲ್ಲಿ ಅದು ರಾಜಿಯಾಗಬಲ್ಲ ಅಪರಾಧವಲ್ಲ, ಉಚ್ಚ ನ್ಯಾಯಾಲಯವೇ ರದ್ದು ಮಾಡಬೇಕು. ಹಣ ಬರುವ ಮೊದಲೇ ಅದಕ್ಕೆ ಸಹಿ ಹಾಕಿಸಿಕೊಂಡು, ಮಾರನೆಯ ದಿನದಿಂದ ಫೋನ್ ಎತ್ತದ ಗಂಡಂದಿರಿದ್ದಾರೆ.

ಇಲ್ಲಿ ಕುಳಿತ ಮುಸ್ಲಿಂ ಸೋದರಿಯರಿಗೆ: ಒಂದೇ ಉಸಿರಿನ ಮೂರು ತಲಾಖ್ 2017ರಲ್ಲಿ ಅಸಿಂಧುವಾಯಿತು, 2019ರ ಕಾಯ್ದೆಯಿಂದ ಅಪರಾಧವೂ ಆಯಿತು. 1939ರ ಕಾಯ್ದೆಯಡಿ ನೀವೇ ನ್ಯಾಯಾಲಯದಲ್ಲಿ ವಿಚ್ಛೇದನ ಕೇಳಬಹುದು. ಜೀವನಾಂಶದ ಸಾಮಾನ್ಯ ಕಾನೂನು ನಿಮಗೂ ಅನ್ವಯಿಸುತ್ತದೆಂದು 2024ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೊಮ್ಮೆ ಹೇಳಿದೆ. ಕ್ರೈಸ್ತ ಹೆಣ್ಣುಮಕ್ಕಳಿಗೆ 1869ರ ಕಾಯ್ದೆ 2001ರಲ್ಲಿ ತಿದ್ದುಪಡಿಯಾಗಿ, ಕ್ರೌರ್ಯವೊಂದೇ ಸಾಕಾದ ಕಾರಣವಾಗಿದೆ. ಅದಕ್ಕೆ ಮೊದಲು, ಗಂಡ ಹೊಡೆಯುತ್ತಿದ್ದ ಎನ್ನುವುದರ ಜೊತೆಗೆ ಅವನಿಗೆ ಪರಸಂಬಂಧವೂ ಇತ್ತೆಂದು ಅವರು ಸಾಬೀತು ಮಾಡಬೇಕಾಗಿತ್ತು! ಕೌಟುಂಬಿಕ ದೌರ್ಜನ್ಯದ ಕಾಯ್ದೆಯಂತೂ ಎಲ್ಲರದ್ದೂ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಇದೆ. ಅದರ ಪ್ರಕಾರ ಹೆಣ್ಣಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕು. ತಾಲೂಕು ಸಮಿತಿಯ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಫೋನ್ ಮಾಡುವುದಾದರೆ 15100. ಹೋಗುವಾಗ ಮದುವೆಯ ಕರೆಯೋಲೆ, ಫೋಟೊ, ಮಕ್ಕಳ ಜನನ ಪತ್ರ, ಆಸ್ಪತ್ರೆಯ ಚೀಟಿ, ಬಂಗಾರದ ರಸೀದಿ, ಅವನ ಸಂಬಳ ಅಥವಾ ಜಮೀನಿನ ವಿವರ, ಇದ್ದಷ್ಟನ್ನು ಒಯ್ಯಿರಿ. ಇಲ್ಲದಿದ್ದರೂ ಹೋಗಿ. ಗಂಡನ ಜಮೀನಿನ ಪಹಣಿ ಯಾರು ಬೇಕಾದರೂ ತೆಗೆಸಬಹುದು.

ನನ್ನ ಸಮಯ ಮುಗಿಯಿತೆಂದು ಅಧ್ಯಕ್ಷೆಯವರು ಎರಡು ಸಲ ಗಡಿಯಾರ ನೋಡಿದರು. ಊಟವಾದ ಮೇಲೆ ತಾಲೂಕು ಸಮಿತಿಯ ವಕೀಲೆಯವರು ಹಿಂದಿನ ಕೋಣೆಯಲ್ಲಿ ಕೂರುತ್ತಾರೆ. ಛಾಪಾ ಕಾಗದ ಇರುವವರು, ನೋಟೀಸು ಬಂದಿರುವವರು ಮೊದಲು ಹೋಗಿ. ಕಾಗದ ಮನೆಯಲ್ಲಿದ್ದರೆ ಮಕ್ಕಳಿಗೆ ಹೇಳಿ ಫೋಟೊ ತೆಗೆಸಿ ಮೊಬೈಲಿಗೆ ತರಿಸಿಕೊಳ್ಳಿ. ಒಳಗೆ ನೀವೊಬ್ಬರೇ ಹೋಗಿ. ಜೊತೆಗೆ ಬಂದಿರುವ ಅಣ್ಣಂದಿರಿಗೆ, ಮಾವಂದಿರಿಗೆ ಹೊರಗೆ ಚಹಾ ಇದೆ.